ಮದರ್‌ಬೋರ್ಡ್ ಆಯ್ಕೆ: ಅಂಗಡಿಗೆ ಹೋಗುವ ಮುನ್ನ ಮಾಡಬೇಕಾದ ಲೆಕ್ಕ

ಅರಸೀಕೆರೆಯ ಕೊಬ್ಬರಿ ಮಂಡಿಯಾಗಲಿ, ಬೇಲೂರಿನ ಕಾಫಿ ಮತ್ತು ಮೆಣಸಿನ ವ್ಯಾಪಾರವಾಗಲಿ, ಹಳೇಬೀಡಿನ ವಸತಿಗೃಹವಾಗಲಿ, ಗಣಕಯಂತ್ರವಿಲ್ಲದೆ ಇಂದು ಒಂದು ದಿನದ ವಹಿವಾಟೂ ಮುಗಿಯುವುದಿಲ್ಲ. ರೂ. 50,000 ಮೀರಿದ ಸರಕು ಸಾಗಣೆಗೆ ಇ-ವೇ ಬಿಲ್ ಬೇಕು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ವರ್ತಕರ ನಡುವಿನ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯಬೇಕು. ಲಾರಿ ಬಾಗಿಲಲ್ಲಿ ನಿಂತಿರುವಾಗ ಗಣಕಯಂತ್ರ ಕೈಕೊಟ್ಟರೆ ಆಗುವ ನಷ್ಟವೇನೆಂಬುದು ಅನುಭವಿಸಿದವರಿಗೇ ಗೊತ್ತು.

ಹೀಗಿದ್ದರೂ ನಮ್ಮ ಬಹುಪಾಲು ಕಚೇರಿಗಳಲ್ಲಿ ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಡೆಸ್ಕ್‌ಟಾಪ್ ಯಂತ್ರಗಳೇ ದುಡಿಯುತ್ತಿವೆ. ಅವು ನಿಂತಾಗ ದುರಸ್ತಿಗೆ ಬಂದ ಹುಡುಗ ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಸಾರ್, ಬೋರ್ಡ್ ಹೋಗಿದೆ, ಹಾಕಿಸಿಬಿಡಿ." ಯಾವ ಬೋರ್ಡ್, ಏಕೆ, ಎಷ್ಟು ವರ್ಷಕ್ಕೆ ಎಂಬ ಪ್ರಶ್ನೆಗಳನ್ನು ನಾವು ಕೇಳುವುದಿಲ್ಲ. ಒಂದು ಮೂಟೆ ಕೊಬ್ಬರಿ ಕೊಳ್ಳುವಾಗ ಕೈ ಹಾಕಿ, ಒಡೆದು ನೋಡುವ ನಾವು ಈ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ಹಣ ಕೊಡುತ್ತೇವೆ.

ನನ್ನದೇ ಕಚೇರಿಯ ಪಾಠ

ಪರರಿಗೆ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು. 2013ರಲ್ಲಿ ಕೊಂಡಿದ್ದ ನಮ್ಮ ಕಚೇರಿಯ ಮುಖ್ಯ ಯಂತ್ರವು 2023ರ ಆಗಸ್ಟ್‌ನಲ್ಲಿ ನಿಂತುಹೋಯಿತು. ಹೊಸದಕ್ಕೆ ಖರ್ಚೇಕೆಂದು, ಹಳೆಯ ಪ್ರೊಸೆಸರ್ ಮತ್ತು ಮೆಮೊರಿಯನ್ನೇ ಉಳಿಸಿಕೊಂಡು, ಅವಕ್ಕೆ ಹೊಂದುವ ಅಗ್ಗದ ಬೋರ್ಡೊಂದನ್ನು ಹಾಕಿಸಿದೆ. ರಸೀದಿಯನ್ನೂ ಸರಿಯಾಗಿ ಕೇಳಲಿಲ್ಲ. ಸೆಪ್ಟೆಂಬರ್ ಮೂರನೆಯ ವಾರದಲ್ಲಿ, ತೆರಿಗೆ ಲೆಕ್ಕಪರಿಶೋಧನಾ ವರದಿಗಳ ಕೊನೆಯ ದಿನ ಹತ್ತಿರ ಬರುತ್ತಿದ್ದಾಗ, ಆ ಬೋರ್ಡೂ ಸುಟ್ಟಿತು. ಜೊತೆಗೆ ಹಾರ್ಡ್ ಡಿಸ್ಕನ್ನೂ ಕೊಂಡೊಯ್ದಿತು.

ಬೇರೊಬ್ಬರು ಬಂದು ಪರೀಕ್ಷಿಸಿದಾಗ ತಿಳಿದದ್ದು ಇಷ್ಟು: ಮೊದಲ ದಿನದಿಂದಲೂ ದೋಷವಿದ್ದುದು ಬೋರ್ಡಿನಲ್ಲಲ್ಲ, ಹತ್ತು ವರ್ಷದ ಹಳೆಯ ಎಸ್.ಎಂ.ಪಿ.ಎಸ್.ನಲ್ಲಿ ಮತ್ತು ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇಲ್ಲದಿರುವುದರಲ್ಲಿ. ನಮ್ಮ ಕೊನೆಯ ಬ್ಯಾಕಪ್ 23 ದಿನ ಹಳೆಯದಾಗಿತ್ತು. ಇಬ್ಬರು ಸಹಾಯಕರು ಮಂಡಿಗಳಿಂದ ಬಿಲ್ ಪುಸ್ತಕಗಳನ್ನು ಮತ್ತೆ ತರಿಸಿಕೊಂಡು, ಹಗಲು ರಾತ್ರಿ ಕುಳಿತು ನಮೂದುಗಳನ್ನು ಮರಳಿ ಮಾಡಿದರು. ಸೆಪ್ಟೆಂಬರ್ 30ರ ರಾತ್ರಿ ಹನ್ನೊಂದರ ಸುಮಾರಿಗೆ ಕೊನೆಯ ವರದಿ ಸಲ್ಲಿಕೆಯಾಯಿತು. ಬೋರ್ಡಿನಲ್ಲಿ ಉಳಿಸಿದ ಹಣಕ್ಕಿಂತ ಆ ಒಂದು ವಾರದ ಹೆಚ್ಚುವರಿ ಸಂಬಳವೇ ದೊಡ್ಡದಾಯಿತು. ಗ್ರಾಹಕರ ಮುಂದೆ ತಲೆತಗ್ಗಿಸಿದ್ದು ಯಾವ ಖಾತೆಗೂ ಸೇರದ ನಷ್ಟ.

ಮೊದಲು ರೋಗ ಯಾವುದೆಂದು ತಿಳಿಯಿರಿ

ಯಂತ್ರ ಚಾಲೂ ಆಗದಿದ್ದರೆ ಅದೆಲ್ಲವೂ ಮದರ್‌ಬೋರ್ಡಿನ ದೋಷವಲ್ಲ. ಮೂರು ಸಣ್ಣ ಪರೀಕ್ಷೆಗಳನ್ನು ತಮ್ಮ ಕಣ್ಣೆದುರೇ ಮಾಡಿಸಬೇಕು.

ಒಂದು, ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿ.ಆರ್. 2032 ಬ್ಯಾಟರಿ. ಇದು ದುರ್ಬಲವಾದರೆ ಯಂತ್ರ ಆರಿಸಿ ಹೊತ್ತಿಸಿದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದರೆ ಜಿ.ಎಸ್.ಟಿ. ಜಾಲತಾಣವಾಗಲಿ ಬ್ಯಾಂಕಿನ ಜಾಲತಾಣವಾಗಲಿ ಸುರಕ್ಷತೆಯ ಎಚ್ಚರಿಕೆ ನೀಡಿ ತೆರೆಯುವುದಿಲ್ಲ. ಡಿಜಿಟಲ್ ಸಹಿಯೂ ಕೆಲಸ ಮಾಡುವುದಿಲ್ಲ. ಅಲ್ಪ ಬೆಲೆಯ ಬ್ಯಾಟರಿಯಿಂದ ಸರಿಹೋಗುವುದಕ್ಕೆ ಬೋರ್ಡ್ ಬದಲಿಸಿದವರನ್ನು ನಾನು ಕಂಡಿದ್ದೇನೆ.

ಎರಡು, ಎಸ್.ಎಂ.ಪಿ.ಎಸ್. ಚೆನ್ನಾಗಿರುವ ಇನ್ನೊಂದನ್ನು ತಂದು ಜೋಡಿಸಿ ನೋಡುವುದು ಹತ್ತು ನಿಮಿಷದ ಕೆಲಸ.

ಮೂರು, ಮೆಮೊರಿ. ನಮ್ಮ ಸೀಮೆಯಲ್ಲಿ ನಾರಿನ ಘಟಕಗಳ ಮತ್ತು ಗಿರಣಿಗಳ ಧೂಳು ಯಂತ್ರದ ಒಳಗೆ ದಪ್ಪನಾಗಿ ಕೂರುತ್ತದೆ. ಬೇಲೂರಿನ ಕಡೆ ಮಳೆಗಾಲದ ತೇವವೂ ಸೇರುತ್ತದೆ. ಮೆಮೊರಿಯನ್ನು ಕಿತ್ತು, ಅದರ ಅಂಚನ್ನೂ ಗೂಡನ್ನೂ ಶುಚಿ ಮಾಡಿ ಮತ್ತೆ ಕೂರಿಸಿದರೆ ಎದ್ದುಕೊಳ್ಳುವ ಯಂತ್ರಗಳು ಅನೇಕ.

ಇವೆಲ್ಲ ಸರಿಯಿದ್ದೂ ಯಂತ್ರ ಏಳದಿದ್ದರೆ ಮಾತ್ರ ಬೋರ್ಡಿನ ಮಾತು.

ಮದರ್‌ಬೋರ್ಡ್ ಎಂಬ ಜಗತಿ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನಾವೆಲ್ಲ ನೋಡಿದ್ದೇವೆ. ಗುಡಿಯು ಎತ್ತರದ ಜಗತಿಯ ಮೇಲೆ ನಿಂತಿದೆ; ಗೋಡೆಯ ಕೋನಗಳಿಗೂ ಜಗತಿಯ ಕೋನಗಳಿಗೂ ಹೊಂದಾಣಿಕೆಯಿದೆ. ಒಂದು ಬಗೆಯ ಜಗತಿ ಕಟ್ಟಿ ಅದರ ಮೇಲೆ ಇನ್ನೊಂದು ಬಗೆಯ ಗುಡಿ ಕೂರಿಸಲಾಗದು. ಗಣಕಯಂತ್ರದಲ್ಲಿ ಮದರ್‌ಬೋರ್ಡಿನ ಸ್ಥಾನವೂ ಇದೇ. ಯಾವ ಪ್ರೊಸೆಸರ್ ಕೂರಬಹುದು, ಯಾವ ಮೆಮೊರಿ ಹಿಡಿಸುತ್ತದೆ, ಯಾವ ಮುದ್ರಣಯಂತ್ರ ಮತ್ತು ಪರದೆ ಜೋಡಿಸಬಹುದು, ಯಾವ ವಿಂಡೋಸ್ ನಡೆಯುತ್ತದೆ ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಆದುದರಿಂದ ಬೋರ್ಡಿನ ಬೆಲೆಯೊಂದನ್ನೇ ನೋಡಿ ಕೊಳ್ಳುವುದು ಸಲ್ಲದು.

ಬೋರ್ಡುಗಳನ್ನು ಅವುಗಳ ಮುಖ್ಯ ಚಿಪ್‌ಸೆಟ್‌ನ ಹೆಸರಿನಿಂದ ಗುರುತಿಸುತ್ತಾರೆ. ಇಂಟೆಲ್ ಪ್ರೊಸೆಸರುಗಳಿಗೆ ಹೊಂದುವ ಕಡಿಮೆ ಬೆಲೆಯ ಸಾಲು ಹೀಗಿದೆ:

ಹೆಚ್ 61: 2 ಮತ್ತು 3ನೆಯ ಪೀಳಿಗೆ; ಡಿ.ಡಿ.ಆರ್. 3 ಮೆಮೊರಿ.
ಹೆಚ್ 81: 4ನೆಯ ಪೀಳಿಗೆ, ಡಿ.ಡಿ.ಆರ್. 3.
ಹೆಚ್ 110: 6 ಮತ್ತು 7ನೆಯ ಪೀಳಿಗೆ, ಹೆಚ್ಚಾಗಿ ಡಿ.ಡಿ.ಆರ್. 4.
ಹೆಚ್ 310: 8 ಮತ್ತು 9ನೆಯ ಪೀಳಿಗೆ, ಹೆಚ್ಚಾಗಿ ಡಿ.ಡಿ.ಆರ್. 4.
ಹೆಚ್ 510: 10 ಮತ್ತು 11ನೆಯ ಪೀಳಿಗೆ, ಡಿ.ಡಿ.ಆರ್. 4.
ಹೆಚ್ 610: 12, 13 ಮತ್ತು 14ನೆಯ ಪೀಳಿಗೆ, ಮಾದರಿಯನ್ನು ಅನುಸರಿಸಿ ಡಿ.ಡಿ.ಆರ್. 4 ಅಥವಾ ಡಿ.ಡಿ.ಆರ್. 5.

ಎ.ಎಂ.ಡಿ. ಕಂಪೆನಿಯ ರೈಜೆನ್ ಪ್ರೊಸೆಸರುಗಳಲ್ಲಿ ಎ.ಎಂ. 4 ಸಾಕೆಟ್ಟಿಗೆ ಎ 320, ಬಿ 450, ಎ 520 ಮುಂತಾದ ಬೋರ್ಡುಗಳು, ಇವು ಡಿ.ಡಿ.ಆರ್. 4 ಬಳಸುತ್ತವೆ. ಹೊಸದಾದ ಎ.ಎಂ. 5 ಸಾಕೆಟ್ಟಿನ ಅಗ್ಗದ ಬೋರ್ಡ್ ಎ 620, ಇದಕ್ಕೆ ಡಿ.ಡಿ.ಆರ್. 5 ಮೆಮೊರಿ ಮಾತ್ರ ಸಲ್ಲುತ್ತದೆ.

ಇಲ್ಲೊಂದು ಬಲೆಯಿದೆ. ಹೆಚ್ 110 ಮತ್ತು ಹೆಚ್ 310 ಬೋರ್ಡುಗಳ ಸಾಕೆಟ್ ನೋಡಲು ಒಂದೇ. ಎರಡರ ಹೆಸರೂ ಎಲ್.ಜಿ.ಎ. 1151. ಆದರೆ ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಕೂರುತ್ತದೆ ಎಂದ ಮಾತ್ರಕ್ಕೆ ನಡೆಯುತ್ತದೆಂದು ತಿಳಿಯಬಾರದು.

ವಿಂಡೋಸ್ 11 ಎಂಬ ಗಡಿರೇಖೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಯಂತ್ರ ನಡೆಯುತ್ತದೆ, ಆದರೆ ಸುರಕ್ಷತೆಯ ತಿದ್ದುಪಡಿಗಳು ಎಂದಿನಂತೆ ಬರುವುದಿಲ್ಲ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾದುದು ಇಂಟೆಲ್ಲಿನ 8ನೆಯ ಪೀಳಿಗೆ ಅಥವಾ ನಂತರದ ಪ್ರೊಸೆಸರ್ (ಕೆಲವೇ ಅಪವಾದಗಳುಂಟು); ಎ.ಎಂ.ಡಿ.ಯಲ್ಲಿ ಸ್ಥೂಲವಾಗಿ ರೈಜೆನ್ 2000 ಸಾಲು ಅಥವಾ ನಂತರದ್ದು. ಜೊತೆಗೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ. ಈ ಪೀಳಿಗೆಗಳಲ್ಲಿ ಅದು ಸಾಮಾನ್ಯವಾಗಿ ಒಳಗೇ ಇರುತ್ತದೆ. ಬಯಾಸ್‌ನಲ್ಲಿ ಚಾಲೂ ಮಾಡಬೇಕಷ್ಟೆ.

ಇದರಿಂದ ನಮ್ಮ ನಿರ್ಧಾರ ಸುಲಭವಾಗುತ್ತದೆ. ತಮ್ಮಲ್ಲಿರುವುದು 2ರಿಂದ 7ನೆಯ ಪೀಳಿಗೆಯ ಪ್ರೊಸೆಸರ್ ಆಗಿದ್ದರೆ, ಅದಕ್ಕಾಗಿ ಬೋರ್ಡ್ ಕೊಳ್ಳುವುದು ಮುಳುಗುವ ಖಾತೆಗೆ ಮತ್ತೆ ಸಾಲ ಕೊಟ್ಟಂತೆ. 8 ಅಥವಾ 9ನೆಯ ಪೀಳಿಗೆಯದಾಗಿದ್ದರೆ ಹೆಚ್ 310 ಬೋರ್ಡ್ ಖಾತರಿಯೊಡನೆ ದೊರೆತರೆ ಹಾಕಿಸಬಹುದು. ರೈಜೆನ್ 2000 ಸಾಲು ಅಥವಾ ನಂತರದ್ದಾಗಿದ್ದರೆ, ಆ ಪ್ರೊಸೆಸರಿನ ಹೆಸರು ಬೋರ್ಡ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿದೆಯೇ ಎಂದು ನೋಡಿ ಬಿ 450 ಅಥವಾ ಎ 520 ಆರಿಸಬಹುದು.

ಹೊಸದಾಗಿ ಆರಂಭಿಸುವವರಿಗೆ ಲೆಕ್ಕಪತ್ರದ ಕೆಲಸಕ್ಕೆ ಹೆಚ್ 610 ಸಾಕು. ತಮ್ಮಲ್ಲಿ ಒಳ್ಳೆಯ ಡಿ.ಡಿ.ಆರ್. 4 ಮೆಮೊರಿಯಿದ್ದರೆ ಅದನ್ನು ಬಳಸುವ ಮಾದರಿಯನ್ನೇ ಕೇಳಿರಿ; 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿದ್ದರಿಂದ ಈ ಉಳಿತಾಯ ಸಣ್ಣದಲ್ಲ. ಡಿ.ಡಿ.ಆರ್. 3 ಮಾತ್ರವಿದ್ದರೆ ಅದು ಇಲ್ಲಿ ಉಪಯೋಗಕ್ಕೆ ಬಾರದು. ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸಿಕೊಳ್ಳುವ ಇಚ್ಛೆಯುಳ್ಳವರು ಎ.ಎಂ. 5 ಕಡೆ ನೋಡಬಹುದು. ಆ ಸಾಕೆಟ್ಟನ್ನು 2027 ಹಾಗೂ ಅದರಾಚೆಗೂ ಮುಂದುವರಿಸುವುದಾಗಿ ಎ.ಎಂ.ಡಿ. ಪ್ರಕಟಿಸಿದೆ.

ಪ್ರೊಸೆಸರ್ ಕೊಳ್ಳುವಾಗ ಒಂದು ಎಚ್ಚರಿಕೆ: ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಅಕ್ಷರವಿದ್ದರೆ ಅದರಲ್ಲಿ ಚಿತ್ರ ಮೂಡಿಸುವ ಒಳವ್ಯವಸ್ಥೆ ಇರುವುದಿಲ್ಲ. ಎ.ಎಂ. 4 ರೈಜೆನ್‌ಗಳಲ್ಲಿ ಸಾಮಾನ್ಯವಾಗಿ 'ಜಿ' ಅಕ್ಷರವಿದ್ದರೆ ಮಾತ್ರ ಆ ವ್ಯವಸ್ಥೆ ಇರುತ್ತದೆ. ಇದು ಇಲ್ಲದ ಪ್ರೊಸೆಸರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಖರ್ಚು ಬೀಳುತ್ತದೆ.

ಕಚೇರಿಯ ದಾಸ್ತಾನು ಪಟ್ಟಿ

ವರ್ಷಾಂತ್ಯದಲ್ಲಿ ಸರಕಿನ ದಾಸ್ತಾನು ಮಾಡುವಂತೆ, ಬೋರ್ಡ್ ಕೊಳ್ಳುವ ಮೊದಲು ಯಂತ್ರದ ಹಿಂಬದಿಗೆ ಚುಚ್ಚಿರುವ ತಂತಿಗಳ ದಾಸ್ತಾನು ಮಾಡಬೇಕು. ಮನೆಬಳಕೆಯ ಯಂತ್ರಕ್ಕೂ ವರ್ತಕರ ಯಂತ್ರಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ.

ವೇಬ್ರಿಡ್ಜ್ ಅಥವಾ ಎಲೆಕ್ಟ್ರಾನಿಕ್ ತಕ್ಕಡಿಯ ತೂಕ ಯಂತ್ರಕ್ಕೆ ಬರುವುದು ಹೆಚ್ಚಾಗಿ ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟ್ ಮೂಲಕ. ಹೊಸ ಬೋರ್ಡುಗಳ ಹಿಂಬದಿಯಲ್ಲಿ ಇದು ಕಾಣದಿದ್ದರೂ ಕೆಲವದರ ಒಳಗೆ 'ಕಾಮ್' ಎಂದು ಬರೆದ ಸೂಜಿಸಾಲು ಇರುತ್ತದೆ; ಅದಕ್ಕೆ ತಂತಿಯೊಂದನ್ನು ಹಾಕಿ ಹೊರಗೆ ತರಬಹುದು. ಯು.ಎಸ್.ಬಿ.ಯಿಂದ ಪರಿವರ್ತಿಸುವ ತಂತಿಯೂ ಸಿಗುತ್ತದೆ. ಆದರೆ ಅದನ್ನು ಬೇರೆ ರಂಧ್ರಕ್ಕೆ ಚುಚ್ಚಿದರೆ ಪೋರ್ಟಿನ ಸಂಖ್ಯೆ ಬದಲಾಗಿ ತೂಕದ ತಂತ್ರಾಂಶ ಕೆಲಸ ನಿಲ್ಲಿಸಬಹುದು. ಕೊಬ್ಬರಿ ಲಾರಿ ಸಾಲುಗಟ್ಟಿರುವ ದಿನ ಇದು ಸಂಭವಿಸಿದರೆ ಕಷ್ಟ.

ಡಾಟ್ ಮ್ಯಾಟ್ರಿಕ್ಸ್ ಮುದ್ರಣಯಂತ್ರ ಹಳೆಯ ಅಗಲ ಪೋರ್ಟಿನದೋ ಯು.ಎಸ್.ಬಿ.ಯದೋ ನೋಡಿರಿ. ಹಳೆಯ ಪಿ.ಸಿ.ಐ. ಕಾರ್ಡುಗಳು ಈಗಿನ ಬೋರ್ಡುಗಳಿಗೆ ಹಿಡಿಸುವುದಿಲ್ಲ, ಪಿ.ಸಿ.ಐ. ಎಕ್ಸ್‌ಪ್ರೆಸ್ ಕಾರ್ಡೇ ಬೇಕು. ಹಳೆಯ ಪರದೆಗೆ ವಿ.ಜಿ.ಎ. ಬೇಕೇ, ಎಚ್.ಡಿ.ಎಂ.ಐ. ಸಾಕೇ? ಕೀಲಿಮಣೆ, ಮೌಸ್, ಡಿಜಿಟಲ್ ಸಹಿಯ ಟೋಕನ್, ಮುದ್ರಣಯಂತ್ರ ಮತ್ತು ಬ್ಯಾಕಪ್ ಡಿಸ್ಕ್ ಸೇರಿದರೆ ಎಷ್ಟು ಯು.ಎಸ್.ಬಿ. ರಂಧ್ರ ಬೇಕು? ಎಣಿಸಿ ಬರೆದುಕೊಳ್ಳಿರಿ.

ವೇಗದ ಎಂ. 2 ಡಿಸ್ಕ್ ಕೂರಿಸುವ ಗೂಡು ಇರುವ ಬೋರ್ಡನ್ನೇ ಕೇಳಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಿಂದ ಇದಕ್ಕೆ ಬದಲಾದಾಗ ಟ್ಯಾಲಿ ತೆರೆಯುವುದರಲ್ಲೇ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು ಮಾತು: ಹೆಸರಾಂತ ಕಂಪೆನಿಗಳ ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ ಬೋರ್ಡಿನ ಅಳತೆಯೂ ಎಸ್.ಎಂ.ಪಿ.ಎಸ್. ಪ್ಲಗ್ಗೂ ಅನೇಕ ವೇಳೆ ಆ ಕಂಪೆನಿಗೇ ವಿಶಿಷ್ಟವಾಗಿರುತ್ತವೆ. ಅಂಥ ಪೆಟ್ಟಿಗೆಯಲ್ಲಿ ಮಾರುಕಟ್ಟೆಯ ಬೋರ್ಡ್ ಕೂರದಿರಬಹುದು. ಪೆಟ್ಟಿಗೆ ತೆರೆದು ಅಳೆಯದೆ ಮುಂಗಡ ಕೊಡಬೇಡಿರಿ.

ತಂತ್ರಾಂಶದ ಪರವಾನಗಿ

ಯಂತ್ರದೊಡನೆಯೇ ಬಂದ ಓ.ಇ.ಎಂ. ವಿಂಡೋಸ್ ಪರವಾನಗಿಯು ಆ ಮದರ್‌ಬೋರ್ಡಿಗೆ ಕಟ್ಟುಬಿದ್ದಿರುತ್ತದೆ. ದೋಷಕ್ಕಾಗಿಯಲ್ಲದೆ ಉನ್ನತೀಕರಣಕ್ಕಾಗಿ ಬೋರ್ಡ್ ಬದಲಿಸಿದರೆ ಮೈಕ್ರೋಸಾಫ್ಟ್ ಅದನ್ನು ಹೊಸ ಯಂತ್ರವೆಂದೇ ಪರಿಗಣಿಸುತ್ತದೆ. ಹೊಸ ಪರವಾನಗಿಯ ವೆಚ್ಚವನ್ನೂ ಅಂದಾಜಿನಲ್ಲಿ ಸೇರಿಸಬೇಕು. ಪ್ರತ್ಯೇಕವಾಗಿ ಕೊಂಡ ರೀಟೇಲ್ ಪರವಾನಗಿಯಾದರೆ ವರ್ಗಾಯಿಸಬಹುದು. ಟ್ಯಾಲಿ ಬಳಸುವವರು ಹಳೆಯ ಯಂತ್ರ ನಡೆಯುತ್ತಿರುವಾಗಲೇ ಪರವಾನಗಿಯನ್ನು 'ಸರೆಂಡರ್' ಮಾಡಿ, ನಂತರ ಹೊಸ ಬೋರ್ಡಿನಲ್ಲಿ ಚಾಲೂ ಮಾಡಿಕೊಳ್ಳುವುದು ಕ್ರಮ.

ಎಲ್ಲಕ್ಕಿಂತ ಮೊದಲು ಬ್ಯಾಕಪ್. ಜಿ.ಎಸ್.ಟಿ. ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. "ಡಿಸ್ಕ್ ಹೋಯಿತು" ಎಂಬುದು ಅಧಿಕಾರಿಯ ಮುಂದೆ ಉತ್ತರವಾಗುವುದಿಲ್ಲ.

ಲೆಕ್ಕಪರಿಶೋಧಕನ ದೃಷ್ಟಿಯಲ್ಲಿ

ಈಗ ನನ್ನ ವೃತ್ತಿಯ ಮಾತಿಗೆ ಬರುತ್ತೇನೆ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ಮಾರುಕಟ್ಟೆಯ ದರವಲ್ಲ.

ಹಳೆಯ ಪೀಳಿಗೆಯ ಬೋರ್ಡಿಗೆ ರೂ. 3,500 ಕೊಟ್ಟು ಯಂತ್ರವನ್ನು ಇನ್ನೊಂದು ವರ್ಷ ನಡೆಸಿದರೆ ವರ್ಷದ ವೆಚ್ಚ ರೂ. 3,500. ಬೋರ್ಡ್, ಪ್ರೊಸೆಸರ್ ಮತ್ತು ಡಿಸ್ಕಿಗೆ ಒಟ್ಟು ರೂ. 18,000 ಕೊಟ್ಟು ಆರು ವರ್ಷ ದುಡಿಸಿಕೊಂಡರೆ ವರ್ಷಕ್ಕೆ ರೂ. 3,000. ಅಗ್ಗವೆಂದು ಕಂಡದ್ದೇ ದುಬಾರಿ. ಇದಕ್ಕೆ ಒಂದು ದಿನ ವ್ಯಾಪಾರ ನಿಂತ ನಷ್ಟವನ್ನು ಸೇರಿಸಿದರಂತೂ ಹೋಲಿಕೆಯೇ ಬೇಡ.

ಈ ರೂ. 18,000ಕ್ಕೆ ಶೇ. 18ರಂತೆ ಜಿ.ಎಸ್.ಟಿ. ರೂ. 3,240. ಸಾಮಾನ್ಯ ನೋಂದಣಿಯುಳ್ಳವರು ವ್ಯವಹಾರಕ್ಕಾಗಿ ಕೊಂಡಿದ್ದರೆ ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ನಾವು ಇನ್‌ಪುಟ್ ಕ್ರೆಡಿಟ್ ಎನ್ನುವುದಾಗಿ, ಪಡೆಯಬಹುದು; ರಸೀದಿಯಲ್ಲಿ ತಮ್ಮ ಜಿ.ಎಸ್.ಟಿ. ಸಂಖ್ಯೆ ಇರಬೇಕು, ಆ ರಸೀದಿ ಜಿ.ಎಸ್.ಟಿ.ಆರ್. 2ಬಿ ಯಲ್ಲಿ ಕಾಣಿಸಬೇಕು. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಅವರಿಗೆ ಪೂರ್ತಿ ರೂ. 21,240 ವೆಚ್ಚವೇ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ.

ಇದು ದುರಸ್ತಿಯೋ ಬಂಡವಾಳ ವೆಚ್ಚವೋ ಎಂದು ಅನೇಕರು ಕೇಳುತ್ತಾರೆ. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ, ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವುದಷ್ಟೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವುದು ಅದಲ್ಲ ಎಂಬ ತತ್ವವನ್ನು ಎತ್ತಿಹಿಡಿಯಿತು. ಈ ಅಳತೆಗೋಲಿನಂತೆ, ಕೆಟ್ಟ ಬೋರ್ಡಿಗೆ ಅದೇ ದರ್ಜೆಯ ಬೋರ್ಡ್ ಹಾಕಿದರೆ ದುರಸ್ತಿ ವೆಚ್ಚ. ಬೋರ್ಡ್, ಪ್ರೊಸೆಸರ್, ಡಿಸ್ಕ್ ಎಲ್ಲವನ್ನೂ ಹೊಸ ಪೀಳಿಗೆಗೆ ಬದಲಿಸಿದರೆ ಬಂಡವಾಳ ವೆಚ್ಚವೆಂದು ತೋರಿಸುವುದು ಕ್ಷೇಮ. ಗಣಕಯಂತ್ರಗಳ ಸವಕಳಿ ದರವು ಮೊದಲು ಶೇ. 60 ಇದ್ದುದು 2017-18ರ ಹಣಕಾಸು ವರ್ಷದಿಂದ ಶೇ. 40ಕ್ಕೆ ಇಳಿಯಿತು. ಅದರಂತೆ ರೂ. 18,000ಕ್ಕೆ ಮೊದಲ ವರ್ಷದ ಸವಕಳಿ ರೂ. 7,200. ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧ, ಅಂದರೆ ರೂ. 3,600 ಮಾತ್ರ. ಆದ್ದರಿಂದ ಅಕ್ಟೋಬರ್ ಆರಂಭದೊಳಗೆ ಕೊಂಡು ಬಳಕೆಗೆ ತರುವುದು ಲಾಭದಾಯಕ.

ಒಬ್ಬರಿಗೇ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟು ಆಸ್ತಿ ಕೊಂಡರೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರುವುದಿಲ್ಲ, ಸವಕಳಿಯೂ ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ರೈಲಿನಲ್ಲಿ ಹೋಗಿ ನಗದು ಕೊಟ್ಟು ತರುವ ನಮ್ಮ ವರ್ತಕ ಮಿತ್ರರು ಇದನ್ನು ನೆನಪಿಡಬೇಕು. ಅಲ್ಲಿ ಬೆಲೆ ಕಡಿಮೆ ಸಿಕ್ಕರೂ, ಖಾತರಿಯ ಅವಧಿಯಲ್ಲಿ ಬೋರ್ಡ್ ಕೆಟ್ಟರೆ ಮತ್ತೆ ಅಲ್ಲಿಗೇ ಹೊತ್ತೊಯ್ಯುವ ಖರ್ಚನ್ನು ತೂಗಿ ನೋಡಬೇಕು. ಪ್ರಮುಖ ತಯಾರಕರು ಬೋರ್ಡಿಗೆ ಸಾಮಾನ್ಯವಾಗಿ 3 ವರ್ಷದ ಖಾತರಿ ಕೊಡುತ್ತಾರೆ. ರಸೀದಿಯಲ್ಲಿ ಕ್ರಮಸಂಖ್ಯೆ ನಮೂದಾಗಿರಲಿ.

ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ ಚೀಟಿ

1. ಬ್ಯಾಟರಿ, ಎಸ್.ಎಂ.ಪಿ.ಎಸ್., ಮೆಮೊರಿ ಪರೀಕ್ಷೆ ಆಯಿತೇ?
2. ಈಗಿನ ಪ್ರೊಸೆಸರ್ ಯಾವ ಪೀಳಿಗೆ? ವಿಂಡೋಸ್ 11ಕ್ಕೆ ಅರ್ಹವೇ?
3. ಈಗಿನ ಮೆಮೊರಿ ಡಿ.ಡಿ.ಆರ್. 3 ಆಗಿದೆಯೇ, 4 ಆಗಿದೆಯೇ?
4. ತಕ್ಕಡಿ, ಮುದ್ರಣಯಂತ್ರ, ಪರದೆ, ಟೋಕನ್: ಯಾವ ಪೋರ್ಟ್, ಎಷ್ಟು?
5. ಪೆಟ್ಟಿಗೆಗೆ ಬೋರ್ಡ್ ಹಿಡಿಸುವುದೇ? ಎಸ್.ಎಂ.ಪಿ.ಎಸ್. ಹೊಸದು ಬೇಕೇ?
6. ವಿಂಡೋಸ್ ಮತ್ತು ಟ್ಯಾಲಿ ಪರವಾನಗಿ ಏನಾಗುತ್ತದೆ?
7. ಬ್ಯಾಕಪ್ ಆಯಿತೇ? ಬೇರೆ ಯಂತ್ರದಲ್ಲಿ ತೆರೆದು ನೋಡಿದಿರಾ?
8. ಜಿ.ಎಸ್.ಟಿ. ರಸೀದಿ, ಖಾತರಿ, ಬ್ಯಾಂಕ್ ಮೂಲಕ ಪಾವತಿ.
9. ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ?

ಕೊನೆಯ ಅಂಶವನ್ನು ಯಾರೂ ಕಡೆಗಣಿಸಬಾರದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆಯಲ್ಲಿ ಅರ್ಥಿಂಗ್ ಇಲ್ಲದ ಕಚೇರಿಗೆ ಎಷ್ಟು ಒಳ್ಳೆಯ ಬೋರ್ಡ್ ತಂದರೂ ಅದರ ಆಯುಷ್ಯಕ್ಕೆ ಭರವಸೆಯಿಲ್ಲ. ನಮ್ಮ ಕಚೇರಿಯಲ್ಲಿ 2023ರ ಅಕ್ಟೋಬರ್‌ನಲ್ಲಿ ಮೊದಲು ಮಾಡಿಸಿದ್ದು ಅರ್ಥಿಂಗ್. ಅನಂತರ ಹೊಸ ಎಸ್.ಎಂ.ಪಿ.ಎಸ್.; ಆಮೇಲೆ ಹೆಚ್ 610 ಬೋರ್ಡ್. ಪ್ರತಿದಿನ ಸಂಜೆ ಬಾಗಿಲು ಹಾಕುವ ಮೊದಲು ಬ್ಯಾಕಪ್ ತೆಗೆದವರು ಗೋಡೆಯ ಕ್ಯಾಲೆಂಡರಿನಲ್ಲಿ ಸಹಿ ಹಾಕಬೇಕೆಂಬ ನಿಯಮವನ್ನೂ ಮಾಡಿಕೊಂಡೆವು. ಆ ಯಂತ್ರ ಇಂದಿಗೂ ನಿಂತಿಲ್ಲ. ಕ್ಯಾಲೆಂಡರಿನಲ್ಲಿ ಸಹಿಯಿಲ್ಲದ ದಿನ ಕಂಡರೆ ಮಾತ್ರ ನನಗೆ ಈಗಲೂ ಆ ಸೆಪ್ಟೆಂಬರ್ ನೆನಪಾಗುತ್ತದೆ.